ಕರ್ವಾಲೊ ಸಿನಿಮಾ ಆದ್ರೆ ನಾವು ಯಾರನ್ನ ನೋಡಿ ನಗ್ತೀವಿ?

ಈ ಸೆಮಿಸ್ಟರ್ ನಮ್ಮ ಕನ್ನಡ ಬಳಗದಲ್ಲಿ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಓದಿದ್ವಿ. ನಾವು ಮೂವರು ಒಂದೇ ಬೆಂಚಿನವರು. ಒಬ್ಬರ ಊರು ವಿಜಯಪುರ ಸಿಟಿ, ಒಬ್ಬರದು ತಿಕೋಟಾ, ಇನ್ನೊಬ್ಬರದು ಬಬಲೇಶ್ವರ. ಇಬ್ಬರದು ಒಂದನೇ ಕ್ಲಾಸಿಂದಲೂ ಇಂಗ್ಲಿಷ್ ಮೀಡಿಯಂ. ಹಾಗಾಗಿ ಮೊದಲ ಇಪ್ಪತ್ತು ಪುಟಕ್ಕೆ ಎರಡು ವಾರ ಹಿಡೀತು. ಉಳಿದದ್ದು ಎರಡೇ ರಾತ್ರಿಯಲ್ಲಿ ಮುಗೀತು! ಮುಗಿದ ಮೇಲೆ ಮೂವರೂ ಹೇಳಿದ್ದು ಒಂದೇ: "ಇದು ಸಿನಿಮಾ ಆಗ್ಬೇಕು." ಅದರ ಬೆನ್ನಿಗೇ ಇನ್ನೊಂದು ಮಾತು: "ಆದ್ರೆ ಕೆಡಿಸಿಬಿಡ್ತಾರೆ." ಈ ಆಸೆ ಯಾಕೆ, ಈ ಅನುಮಾನ ಯಾಕೆ ಅಂತ ಬಿಡಿಸಿ ನೋಡೋದೇ ಈ ಲೇಖನದ ಉದ್ದೇಶ.

1. ಕರ್ವಾಲೊ ಸೈನ್ಸ್ ಫಿಕ್ಷನ್ ಹೌದಾ?

1980ರಲ್ಲಿ ಬಂದ ಈ ಕಾದಂಬರಿಯಲ್ಲಿ ರಾಕೆಟ್ ಇಲ್ಲ, ರೋಬೋ ಇಲ್ಲ. ಇರೋದು ಮೂಡಿಗೆರೆ ಕಡೆಯ ಕಾಡು, ಕರ್ವಾಲೊ ಅನ್ನೋ ವಿಜ್ಞಾನಿ, ಕತೆ ಹೇಳುವ ಒಬ್ಬ ಕೃಷಿಕ, ಮಂದಣ್ಣ ಅನ್ನೋ ಹಳ್ಳಿ ಹುಡುಗ, ಅಡುಗೆಯ ಪ್ಯಾರ, ಬಿರಿಯಾನಿ ಕರಿಯಪ್ಪ, ಕ್ಯಾಮೆರಾ ಹಿಡಿದ ಪ್ರಭಾಕರ, ಮತ್ತೆ ಕಿವಿ ಅನ್ನೋ ನಾಯಿ. ಇವರೆಲ್ಲ ಸೇರಿ ಹುಡುಕುವುದು ಒಂದು ಹಾರುವ ಓತಿಯನ್ನು. ಪಕ್ಕೆಲುಬಿನ ಆಧಾರದ ಮೇಲೆ ಚರ್ಮವನ್ನು ರೆಕ್ಕೆ ಹಾಗೆ ಬಿಡಿಸಿ, ಮರದಿಂದ ಮರಕ್ಕೆ ತೇಲಿ ಹೋಗುವ ಡ್ರಾಕೊ ಜಾತಿಯ ಓತಿ ಪಶ್ಚಿಮಘಟ್ಟದಲ್ಲಿ ನಿಜವಾಗಿಯೂ ಇದೆ. ತೇಜಸ್ವಿ ಅಲ್ಲಿಂದ ಶುರುಮಾಡಿ ಕೋಟ್ಯಂತರ ವರ್ಷಗಳ ಜೀವವಿಕಾಸದ ಪ್ರಶ್ನೆಗೆ ನಮ್ಮನ್ನ ಒಯ್ದು ನಿಲ್ಲಿಸ್ತಾರೆ. ದಾರಿಯುದ್ದಕ್ಕೂ ನಗು. ನಗಿಸುವ ಸೈನ್ಸ್ ಫಿಕ್ಷನ್‌ಗೆ ಕನ್ನಡದಲ್ಲಿ ಇದಕ್ಕಿಂತ ಹತ್ತಿರದ ಸಂಬಂಧಿ ನಮಗಂತೂ ಸಿಕ್ಕಿಲ್ಲ.

2. ಹೊರಗಿನ ಒಂದು ಉದಾಹರಣೆ

ಡಗ್ಲಸ್ ಆಡಮ್ಸ್ ಅವರ 'ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ' 1978ರಲ್ಲಿ ಬಿಬಿಸಿ ರೇಡಿಯೋ ನಾಟಕವಾಗಿ ಹುಟ್ಟಿತು. 1979ರಲ್ಲಿ ಪುಸ್ತಕ, 1981ರಲ್ಲಿ ಟಿವಿ ಸರಣಿ, 2005ರಲ್ಲಿ ಸಿನಿಮಾ. ಬೈಪಾಸ್ ರಸ್ತೆಗೆ ಅಂತ ಒಬ್ಬನ ಮನೆ ಕೆಡವಲು ಬರ್ತಾರೆ. ಅಷ್ಟರಲ್ಲಿ ಅಂತರಿಕ್ಷದ ಬೈಪಾಸ್‌ಗೆ ಅಂತ ಭೂಮಿಯನ್ನೇ ಕೆಡವಲು ಇನ್ನೊಬ್ಬರು ಬರ್ತಾರೆ. ರೋಡಿಗೆ ಹೊಲ ಹೋದ ಮನೆಯವರಿಗೆ ಈ ಜೋಕು ಬಿಡಿಸಿ ಹೇಳಬೇಕಾಗಿಲ್ಲ.

ಆದ್ರೆ ನಗು ಇರೋದು ಮನೆ ಬೀಳೋದರಲ್ಲಿ ಅಲ್ಲ, ಅದನ್ನ ಹೇಳುವ ದನಿಯಲ್ಲಿ. ಭೂಮಿ ಮುಗಿದುಹೋದದ್ದನ್ನ ಆ ದನಿ ಬಸ್ ಲೇಟ್ ಆದ ಹಾಗೆ ಹೇಳ್ತದೆ. ಸಿನಿಮಾದಲ್ಲಿ ಆ ದನಿಯನ್ನ ಸ್ಟೀಫನ್ ಫ್ರೈ ಅವರಿಗೆ ಕೊಟ್ಟರು. ಆದರೂ ಪುಸ್ತಕದ ಎಷ್ಟೋ ಮಾತು ಹೋಯ್ತು ಅಂತ ಅಭಿಮಾನಿಗಳಲ್ಲಿ ಬಹಳ ಮಂದಿಗೆ ಬೇಸರ ಆಯ್ತು. ಹೊಸ ಪಾತ್ರ ಯಾಕೆ ತಂದ್ರಿ ಅಂತಲೂ ಕೇಳಿದವರಿದ್ದರು. ಆದ್ರೆ ಹುಮ್ಮಾ ಕವುಲಾ ಅನ್ನೋ ಆ ಹೊಸ ಪಾತ್ರ ಆಡಮ್ಸ್ ಅವರೇ ಸಿನಿಮಾಕ್ಕೆ ಅಂತ ಕಟ್ಟಿದ್ದು! ಅವರು 2001ರಲ್ಲೇ ತೀರಿಕೊಂಡಿದ್ದರು.

ಇದರಿಂದ ಎರಡು ಪಾಠ. ಒಂದು: ಹೊಸದು ಸೇರಿಸಿದ್ದೆಲ್ಲ ಮೂಲಕ್ಕೆ ಮೋಸ ಅಲ್ಲ. ಎರಡು: ಘಟನೆ ಉಳಿದರೂ ದನಿ ಹೋಗಬಹುದು. ಗೋಳಗುಮ್ಮಟದ ಫೋಟೋ ಎಷ್ಟೇ ಚಂದ ತೆಗೆದರೂ ಒಳಗಿನ ಪ್ರತಿಧ್ವನಿ ಅದರಲ್ಲಿ ಬರಲ್ಲ, ಹಾಗೆ.

3. ನಮ್ಮ ಪ್ರಯೋಗ ಕೆಟ್ಟದ್ದು ಎಲ್ಲಿ?

ಇಷ್ಟು ಗೊತ್ತಿದ್ದೂ ನಾವೇ ತಪ್ಪು ಮಾಡಿದ್ವಿ. ಬಳಗದ ಕಾರ್ಯಕ್ರಮಕ್ಕೆ ಕಾದಂಬರಿಯ ಒಂದು ಭಾಗವನ್ನ ಹತ್ತು ನಿಮಿಷದ ನಾಟಕ ಮಾಡಿದ್ವಿ. ಕರ್ವಾಲೊ ಅವರಂಥ ದೊಡ್ಡ ವಿಜ್ಞಾನಿಗೆ ಮಂದಣ್ಣನಂಥವನ ಜತೆ ಏನು ಕೆಲಸ ಅಂತ ನಿರೂಪಕ ತಲೆ ಕೆಡಿಸಿಕೊಳ್ಳುವ ಭಾಗ ಅದು. ನಿರೂಪಕನ ಮಾತು ಉದ್ದ ಆಯ್ತು ಅಂತ ತೆಗೆದುಹಾಕಿದ್ವಿ. ಮಂದಣ್ಣನಿಗೆ ನಮ್ಮ ಕಡೆಯ ಭಾಷೆ ಕೊಟ್ವಿ, ಸ್ವಲ್ಪ ಜಾಸ್ತಿನೇ ಎಳೆದು. ಹಾಲ್ ತುಂಬ ನಗು, ಶಿಳ್ಳೆ.

ರಾತ್ರಿ ಹಾಸ್ಟೆಲ್‌ನಲ್ಲಿ ಬಬಲೇಶ್ವರದ ಗೆಳೆಯ ಊಟಾನೂ ಸರಿಯಾಗಿ ಮಾಡಲಿಲ್ಲ. ಏನಾಯ್ತೋ ಅಂದ್ರೆ, "ಲೇ, ಮಂದಿ ನಕ್ಕಿದ್ದು ಮಂದಣ್ಣನ್ನ ನೋಡಿ. ನಮ್ಮಪ್ಪನೂ ಹಂಗ ಮಾತಾಡ್ತಾನ. ಯಾವ ಬೆಳಿಗಿ ಯಾವ ಹುಳ ಬೀಳ್ತದ ಅಂತ ಅವಂಗ ಗೊತ್ತದ, ನಮಗ ಗೊತ್ತಿಲ್ಲ. ಪುಸ್ತಕ ಓದೂ ಮುಂದ ನಾ ನಕ್ಕಿದ್ದು ಮಂದಣ್ಣಗ ಅಲ್ಲ, ಅವನ್ನ ದಡ್ಡ ಅನ್ಕೊಂಡ ಆ ಸಾಹೇಬಗ" ಅಂದ.

ನಾವಿಬ್ಬರೂ ಸುಮ್ಮನಾದ್ವಿ. ಪುಸ್ತಕ ತೆಗೆದು ನೋಡಿದ್ರೆ ಅವನ ಮಾತೇ ಖರೆ. ಮಂದಣ್ಣನಲ್ಲಿ ಹುಟ್ಟಾ ಪ್ರಕೃತಿ ವಿಜ್ಞಾನಿ ಇದಾನೆ ಅಂತ ಕರ್ವಾಲೊಗೆ ಕಾಣಿಸ್ತದೆ, ಓದಿದ ನಿರೂಪಕನಿಗೆ ಬೇಗ ಕಾಣೋದಿಲ್ಲ. ಹಾಸ್ಯ ಇರೋದು ಆ ಕುರುಡುತನದ ಮೇಲೆ. ನಿರೂಪಕನನ್ನ ತೆಗೆದ ಕೂಡಲೇ ಅದೇ ಸಂಭಾಷಣೆ, ಅದೇ ನಗು, ಆದ್ರೆ ಗುರಿ ತಪ್ಪಿ ಮಂದಣ್ಣನಿಗೆ ಬಡೀತು. ನಮ್ಮ ಭಾಷೆಯವರನ್ನ ಸಿನಿಮಾದಲ್ಲಿ ಬರೀ ಕಾಮಿಡಿಗೆ ಇಡ್ತಾರೆ ಅಂತ ಗೊಣಗುವ ನಾವೇ ಅದನ್ನ ಮಾಡಿದ್ವಿ.

4. ಹಾಗಾದ್ರೆ ಆಸೆ ಎಲ್ಲಿದೆ?

ಆಸೆಗೆ ಕಾರಣ ಇದೆ. ತೇಜಸ್ವಿಯವರ 'ತಬರನ ಕಥೆ'ಯನ್ನ ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು. 'ಕಿರಗೂರಿನ ಗಯ್ಯಾಳಿಗಳು' 2016ರಲ್ಲಿ ಬಂತು. 2023ರಲ್ಲಿ ಶಶಾಂಕ್ ಸೋಗಾಲ್ ನಿರ್ದೇಶನದ 'ಡೇರ್‌ಡೆವಿಲ್ ಮುಸ್ತಾಫಾ' ಬಂತು. ಅದಕ್ಕೆ ತೇಜಸ್ವಿ ಓದುಗರೇ ಹಣ ಕೂಡಿಸಿದ್ದರು. ಅಂದ್ರೆ ಅನುಮಾನ ಪಡುವ ಅಭಿಮಾನಿಗಳೇ ಪ್ರೊಡ್ಯೂಸರ್ ಆದರು! ಸಣ್ಣಕತೆಯನ್ನ ಪೂರ್ತಿ ಸಿನಿಮಾಕ್ಕೆ ಹಿಗ್ಗಿಸುವಾಗ ಹೊಸದು ಸೇರಲೇಬೇಕು, ಸೇರಿತು. ಆದ್ರೆ ಕ್ಲಾಸಿಗೆ ಬಂದ ಒಬ್ಬನೇ ಮುಸ್ಲಿಂ ಹುಡುಗನನ್ನ ನೋಡಿ ನಾವು ನಗಲಿಲ್ಲ. ಅವನ ಬಗ್ಗೆ ಇಲ್ಲದ್ದೆಲ್ಲ ಕಲ್ಪಿಸಿಕೊಂಡ ಹುಡುಗರನ್ನ ನೋಡಿ ನಕ್ವಿ. ಗುರಿ ತಪ್ಪಿರಲಿಲ್ಲ.

ಕರ್ವಾಲೊಗೆ ಗ್ರಾಫಿಕ್ಸ್ ದೊಡ್ಡ ಸಮಸ್ಯೆ ಅಂತ ಎಲ್ಲರೂ ಅಂತಾರೆ. ನಮಗೆ ಹಾಗೆ ಅನ್ನಿಸಲ್ಲ, ಓತಿಯನ್ನ ಇವತ್ತು ಕಂಪ್ಯೂಟರ್‌ನಲ್ಲಿ ಹಾರಿಸಬಹುದು. ಕೊನೆಗೆ ಅದು ಯಾರ ಕೈಗೂ ಸಿಗದೆ ತೇಲಿ ಹೋದಾಗ ನೋಡುವವರ ಮನಸ್ಸಲ್ಲಿ ಏನು ಉಳೀತದೆ ಅನ್ನೋದು ಕಷ್ಟದ ಕೆಲಸ.

5. ನೆನಪಿಡಬೇಕಾದ ಮೂರು ಪ್ರಶ್ನೆ

ಪುಸ್ತಕದಿಂದ ಬಂದ ಯಾವ ಸಿನಿಮಾ ನೋಡಿದರೂ ಇವನ್ನ ಕೇಳಿ ನೋಡಿ:
ಅ) ಮೂಲದಲ್ಲಿ ಕತೆ ಹೇಳುವವರು ಯಾರು? ಪರದೆ ಮೇಲೆ ಆ ಕೆಲಸ ಯಾರು ಮಾಡ್ತಿದ್ದಾರೆ?
ಆ) ಹೊಸದಾಗಿ ಸೇರಿಸಿದ್ದು ಮೂಲದ ಪ್ರಶ್ನೆಯನ್ನ ಬೆಳೆಸ್ತದಾ, ಮರೆಸ್ತದಾ?
ಇ) ನಗು ಯಾರ ಮೇಲೆ ಬೀಳ್ತದೆ?

ತೇಜಸ್ವಿಯವರು 2007ರಲ್ಲಿ ಹೋದರು. ಅವರನ್ನ ಕೇಳೋಕೆ ಆಗಲ್ಲ, ಪುಸ್ತಕವನ್ನ ಕೇಳಬಹುದು. ನಾವು ಅದೇ ಭಾಗವನ್ನ ಮತ್ತೆ ಬರೀತಿದ್ದೀವಿ. ಈ ಸಲ ನಿರೂಪಕ ಸ್ಟೇಜ್ ಮೇಲೇ ಇರ್ತಾನೆ, ಮಂದಣ್ಣನ ಪಾರ್ಟು ಬಬಲೇಶ್ವರದ ಗೆಳೆಯನದು. ಇಂಟರ್ನಲ್ಸ್ ಮುಗಿದ ಮೇಲೆ ತೋರಿಸ್ತೀವಿ, ಬರ್ರಿ. ನಗ್ರಿ, ಆದ್ರ ಯಾರನ್ನ ನೋಡಿ ನಕ್ವಿ ಅಂತ ನಂತರ ನಮಗೊಂದು ಮಾತು ಹೇಳ್ರಿ.