ಕತ್ತಿಗೆ ಕೆಲಸ ಕೊಡು

ಚಿ. ಮಗನಿಗೆ,


ಆರು ತಿಂಗಳಾದರೂ ಕತ್ತುನೋವು ಬಿಟ್ಟಿಲ್ಲ, ಎಂ.ಆರ್.ಐ.ನಲ್ಲಿ ‘ಡಿಸ್ಕ್ ಬಲ್ಜ್’ ಎಂದು ಬಂದಿದೆ, ಇನ್ನು ಜೀವನಪೂರ್ತಿ ಇಷ್ಟೇ ಏನೋ ಎಂದು ಬರೆದಿದ್ದೀಯ. ಮೊದಲು ಆ ರಿಪೋರ್ಟನ್ನು ಬೀರುವಿನಲ್ಲಿಡು. ಜಪಾನಿನಲ್ಲಿ ಕತ್ತಿನ ತೊಂದರೆಯೇ ಇಲ್ಲದ 1,200ಕ್ಕೂ ಹೆಚ್ಚು ಜನರನ್ನು ಹೀಗೆಯೇ ಸ್ಕ್ಯಾನ್ ಮಾಡಿದಾಗ ನೂರಕ್ಕೆ 87 ಮಂದಿಯ ಡಿಸ್ಕು ಉಬ್ಬಿತ್ತು. ಇಪ್ಪತ್ತರ ಹರೆಯದವರೂ ಅದರಲ್ಲಿದ್ದರು.

ಕೈಯ ಬಲ ಕುಂದಿದರೆ, ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸಿದರೆ, ನಡಿಗೆ ತೂರಾಡಿದರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಒಂದು ದಿನವೂ ಕಾಯದೆ ಡಾಕ್ಟರ ಬಳಿ ಓಡು. ನಿನಗೆ ಅಂಥದ್ದೇನೂ ಇಲ್ಲವೆಂದು ಅವರೇ ಹೇಳಿದ್ದಾರಲ್ಲ.

ಹಾಗಿದ್ದಮೇಲೆ ಕತ್ತಿಗೆ ಆ ಕಾಲರ್ ಯಾಕೆ? ದಿನವಿಡೀ ಅದನ್ನು ಕಟ್ಟಿಕೊಂಡರೆ ಸ್ನಾಯುಗಳು ಸೊರಗುತ್ತವೆ. ಬಿಸಿ ಶಾಖ, ಕರೆಂಟು ಕೊಡುವ ಮಷೀನು ಹಿತವಾಗಿರುತ್ತವೆ, ಬೇಡವೆನ್ನಲಾರೆ. ಆದರೆ ಅಷ್ಟಕ್ಕೇ ಹತ್ತು ದಿನದ ಪ್ಯಾಕೇಜು ಮಾಡಿ ಕಳಿಸುವವರಲ್ಲಿ ದುಡ್ಡು ಸುರಿಯಬೇಡ. ಎದುರು ನಿಂತು ವ್ಯಾಯಾಮ ಕಲಿಸುವ, ನೀನು ತಪ್ಪು ಮಾಡಿದರೆ ತಿದ್ದುವ ಫಿಸಿಯೋಥೆರಪಿಸ್ಟನ್ನು ಹುಡುಕು.

ಫಿನ್ಲೆಂಡಿನಲ್ಲಿ ನಿನ್ನಂತೆಯೇ ಕಚೇರಿ ಕೆಲಸದ, ಬಹುಕಾಲದ ಕತ್ತುನೋವಿನ 180 ಹೆಂಗಸರ ಮೇಲೆ ವರ್ಷಪೂರ್ತಿ ಅಧ್ಯಯನ ನಡೆಸಿ 2003ರಲ್ಲಿ ಪ್ರಕಟಿಸಿದರು. ಬರೀ ಸ್ಟ್ರೆಚಿಂಗ್ ಮತ್ತು ಏರೋಬಿಕ್ ವ್ಯಾಯಾಮದ ಸಲಹೆ ಪಡೆದವರಿಗಿಂತ, ಕತ್ತು-ಭುಜಗಳಿಗೆ ಬಲ ಬರುವ ವ್ಯಾಯಾಮ ಮಾಡಿದವರ ನೋವು ಬಹಳ ಇಳಿದಿತ್ತು. ವಾರಕ್ಕೆ ಮೂರು ಸಲ, ಮನೆಯಲ್ಲೇ.

ನೀನು ಸಣ್ಣದರಿಂದ ಶುರು ಮಾಡು. ತೆಳು ದಿಂಬಿಟ್ಟು ಅಂಗಾತ ಮಲಗಿ, ತಲೆ ಎತ್ತದೆ, ‘ಹೂಂ’ ಎನ್ನುವ ಹಾಗೆ ಗಲ್ಲವನ್ನು ಮೆಲ್ಲಗೆ ಒಳಗೆಳೆದುಕೋ. ಕೆಲವು ಸೆಕೆಂಡು ಹಿಡಿದು ಬಿಡು. ದಿನಗಳೆದಂತೆ ಹತ್ತು ಸೆಕೆಂಡು, ಹತ್ತು ಸಲಕ್ಕೆ ಏರಿಸು. ಗಂಟಲಿನ ಮುಂದಿನ ಸ್ನಾಯುಗಳು ಬಿಗಿದು ಎದ್ದು ಕಂಡರೆ ಜೋರು ಹಾಕುತ್ತಿದ್ದೀಯ ಎಂದರ್ಥ. ಇದು ಪಳಗಿದ ಮೇಲೆ ಅಂಗೈಯನ್ನು ಹಣೆಗೆ ಒತ್ತಿ ತಲೆ ಕದಲದಂತೆ ತಡೆ. ಆಮೇಲೆ ರಬ್ಬರ್ ಪಟ್ಟಿ, ಡಂಬೆಲ್. ಮಾಡುವಾಗ ತುಸು ನೊಂದರೆ ಹೆದರಬೇಡ. ಮರುದಿನವೂ ನೋವು ಹೆಚ್ಚಾಗಿಯೇ ಇದ್ದರೆ ಅರ್ಧಕ್ಕಿಳಿಸು. ಒಂದೂವರೆ ತಿಂಗಳು ಕಳೆಯುವ ಮುನ್ನ ಫಲ ಸಿಗಲಿಲ್ಲವೆಂದು ಗೊಣಗಬೇಡ.

ಕ್ಷೌರದಂಗಡಿಯಲ್ಲಿ ಕತ್ತು ಲಟಕ್ ಎನ್ನಿಸಿಕೊಳ್ಳುವ ಚಟವನ್ನಂತೂ ಇವತ್ತೇ ಬಿಡು. ಅಪರೂಪಕ್ಕಾದರೂ ಮೆದುಳಿಗೆ ಹೋಗುವ ರಕ್ತನಾಳ ಹರಿದು ಲಕ್ವ ಹೊಡೆದದ್ದುಂಟು.

ನಿಮ್ಮಮ್ಮನೂ ಕತ್ತು ಹಿಡಿದಿದೆ ಎನ್ನುತ್ತಿದ್ದಳು. ಡಾಕ್ಟರಿಗೆ ತೋರಿಸಿ ಬಂದಮೇಲೆ ಅವಳಿಗೂ ನೀನೇ ಹೇಳಿಕೊಡು. ನನ್ನ ಮಾತು ಅವಳು ಕೇಳುವುದಿಲ್ಲ.

ಇತಿ,
ನಿನ್ನ ದೊಡ್ಡಮ್ಮ