ತಟ್ಟೆ ಇಟ್ಟರೆ ಊಟವಾಗದು

ಮಕ್ಕಳೇ, ನಮ್ಮ ಬಡಾವಣೆಯ ಹುಡುಗ ಹುಡುಗಿಯರೆಲ್ಲ ಸೇರಿ ಪ್ರತಿ ಭಾನುವಾರ ಜಿಲ್ಲಾಸ್ಪತ್ರೆಯ ರೋಗಿಗಳಿಗೆ ಊಟ ಹಂಚಲು ಹೊರಟಿದ್ದೀರಿ ಎಂದು ಕೇಳಿ ತುಂಬ ಸಂತೋಷವಾಯಿತು. ಪಲಾವ್, ಮೊಸರನ್ನ, ಒಂದೊಂದು ಬಾಳೆಹಣ್ಣು ಎಂದು ಮೆನು ಕೂಡ ಗೊತ್ತುಮಾಡಿದ್ದೀರಂತೆ. ವಾರ್ಡುಗಳಲ್ಲಿ ಸಿಸ್ಟರ್ ಆಗಿ ದುಡಿದು ನಿವೃತ್ತಳಾದವಳು ನಾನು. ಒಲೆ ಹಚ್ಚುವ ಮೊದಲು ನನ್ನದೊಂದು ಮಾತು ಕೇಳಿ. ಪಲಾವನ್ನು ರೋಗಿಯ ಜೊತೆ ಬಂದವರಿಗೆ ಕೊಡಿ. ರೋಗಿಗೆ ನಿಮ್ಮ ಕೈಯನ್ನೂ ಹೊತ್ತನ್ನೂ ಕೊಡಿ.

ಸರ್ಕಾರಿ ಆಸ್ಪತ್ರೆಯಲ್ಲಿ ಒಳರೋಗಿಗೆ ಏನೋ ಒಂದು ಊಟ ಸಿಗುತ್ತದೆ: ಹಾಲು, ಬ್ರೆಡ್ಡು, ಮೊಟ್ಟೆ, ಅನ್ನ ಸಾರು. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಬಾಣಂತಿಗೆ ಸಹಜ ಹೆರಿಗೆಯಾದರೆ 3 ದಿನ, ಸಿಸೇರಿಯನ್ ಆದರೆ 7 ದಿನದವರೆಗೆ ಊಟ ಉಚಿತ. ಆದರೆ ಆ ಊಟ ಹೊಟ್ಟೆಗೆ ಹೋಯಿತೇ ಎಂದು ನೋಡುವವರು ಕಡಿಮೆ.

ಮಧ್ಯಾಹ್ನ ಯಾವುದಾದರೂ ಮೆಡಿಕಲ್ ವಾರ್ಡಿನಲ್ಲಿ ಸುಮ್ಮನೆ ನಿಂತು ನೋಡಿ. ಊಟದ ಗಾಡಿ ಬರುತ್ತದೆ. ಮಂಚದ ಪಕ್ಕದ ಲಾಕರ್ ಮೇಲೆ ತಟ್ಟೆ ಇಟ್ಟು ಮುಂದಕ್ಕೆ ಹೋಗುತ್ತದೆ. ಅಜ್ಜನ ಬಲಗೈಗೆ ಡ್ರಿಪ್ ಹಾಕಿದೆ, ಎಡಗೈಯಲ್ಲಿ ಉಂಡು ಜನ್ಮದಲ್ಲೇ ಅಭ್ಯಾಸವಿಲ್ಲ. ಕಟ್ಟಿಸಿಕೊಂಡ ಹಲ್ಲು ಕರವಸ್ತ್ರದಲ್ಲಿ ಸುತ್ತಿಕೊಂಡು ಚೀಲದ ತಳದಲ್ಲಿದೆ. ಮಗ ಸ್ಕ್ಯಾನಿಂಗ್ ರಿಪೋರ್ಟಿಗೆಂದು ಕ್ಯೂನಲ್ಲಿ ನಿಂತಿದ್ದಾನೆ. ಅನ್ನ ಆರಿ ಗಟ್ಟಿಯಾಗುತ್ತದೆ, ನೊಣ ಕೂರುತ್ತದೆ. ಒಂದೂವರೆಗೆ ಆಯಾ ಬಂದು ತುಂಬಿದ ತಟ್ಟೆಯನ್ನೇ ಎತ್ತಿಕೊಂಡು ಹೋಗುತ್ತಾಳೆ. ಸಂಜೆ ರೌಂಡ್ಸಿಗೆ ಬಂದ ಡಾಕ್ಟರು ‘ಊಟ ಆಯ್ತಾ ಅಜ್ಜಾ?’ ಎಂದರೆ ಅಜ್ಜ ‘ಹೂಂ’ ಅನ್ನುತ್ತಾರೆ. ಡಾಕ್ಟರ ಮುಂದೆ ಇಲ್ಲ ಅನ್ನಲು ಸಂಕೋಚ. ಹೀಗೆ ನಾಲ್ಕು ದಿನ ಕಳೆದರೆ ಎಂಥ ಔಷಧಿ ಕೊಟ್ಟರೂ ಗಾಯ ಬೇಗ ಕೂಡುವುದಿಲ್ಲ, ಎದ್ದು ಕೂರುವ ತ್ರಾಣವಿರುವುದಿಲ್ಲ, ಬೆನ್ನಿನಲ್ಲಿ ಹುಣ್ಣು ಶುರುವಾಗುತ್ತದೆ.

ಇದಕ್ಕೆ ಸಿಬ್ಬಂದಿಯನ್ನು ಬೈಯಬೇಡಿ. ಊಟದ ಹೊತ್ತಿಗೇ ಇಂಜೆಕ್ಷನ್, ಡಿಸ್ಚಾರ್ಜ್, ಹೊಸ ಅಡ್ಮಿಷನ್ ಎಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಒಬ್ಬ ಸಿಸ್ಟರ್ ಎಷ್ಟು ಹಾಸಿಗೆ ಅಂತ ನೋಡಿಯಾಳು? ಈ ತೊಂದರೆ ಇವತ್ತಿನದೂ ಅಲ್ಲ. ಫ್ಲಾರೆನ್ಸ್ ನೈಟಿಂಗೇಲ್ 1859ರ ತಮ್ಮ ಶುಶ್ರೂಷೆಯ ಪುಸ್ತಕದಲ್ಲಿ ಆಹಾರಕ್ಕೆಂದೇ ಎರಡು ಅಧ್ಯಾಯ ಮೀಸಲಿಟ್ಟರು. ಊಟ ಬೇಕಾದಷ್ಟಿದ್ದರೂ ಅದನ್ನು ಉಣ್ಣಿಸುವ ಕಡೆ ಗಮನ ಕೊಡದ್ದರಿಂದ ರೋಗಿಗಳು ಹಸಿದು ಸೊರಗುತ್ತಾರೆ ಎಂದು ಆಗಲೇ ಬರೆದಿದ್ದರು. ಇಂಗ್ಲೆಂಡಿನ ಅನೇಕ ಆಸ್ಪತ್ರೆಗಳಲ್ಲಿ ಈಗ ನೆರವು ಬೇಕಾದವರ ಊಟವನ್ನು ಕೆಂಪು ಟ್ರೇಯಲ್ಲಿ ತರುತ್ತಾರೆ. ತುರ್ತಿಲ್ಲದ ತಪಾಸಣೆಯನ್ನೆಲ್ಲ ಆ ಹೊತ್ತಿಗೆ ನಿಲ್ಲಿಸುತ್ತಾರೆ, ತರಬೇತಾದ ಸ್ವಯಂಸೇವಕರು ಕೂತು ಉಣ್ಣಿಸುತ್ತಾರೆ. ನಮಗೆ ಟ್ರೇ ಎಲ್ಲ ಬೇಡ, ಸಿಸ್ಟರ್ ಹೇಳಿದ ಮಂಚಗಳಿಗೆ ಒಂದು ಕೆಂಪು ರಿಬ್ಬನ್ ಕಟ್ಟಿದರೂ ಸಾಕು.

ಊಟದಿಂದ ಅಷ್ಟೆಲ್ಲ ವ್ಯತ್ಯಾಸವಾಗುತ್ತದೆಯೇ ಎಂದು ನಿಮ್ಮಲ್ಲಿ ಒಬ್ಬ ಕೇಳಿದನಂತೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ಮಾಡಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಕ್ಷಯರೋಗಿಯ ಮನೆಯವರಿಗೆ ತಿಂಗಳಿಗೆ ತಲಾ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ, ಜೊತೆಗೆ ವಿಟಮಿನ್ ಮಾತ್ರೆ ಕೊಟ್ಟರು. ಆ ಮನೆಗಳಲ್ಲಿ ಹೊಸಬರಿಗೆ ಕ್ಷಯ ತಗಲುವುದು ಶೇ 40ರ ಹತ್ತಿರ ಕಡಿಮೆಯಾಯಿತು. ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ತೂಕ ಏರಿದ ರೋಗಿಗಳಲ್ಲಿ ಸಾವೂ ಬಹಳ ಕಡಿಮೆ. ಅಕ್ಕಿ ಬೇಳೆ ಮಾಡಿದ ಕೆಲಸ ಇದು.

ಇನ್ನು ಉಣ್ಣಿಸುವ ವಿಷಯ. ಇದನ್ನು ಕಲಿಯಲೇಬೇಕು. ಮೊದಲು ಸಿಸ್ಟರ್ ಹತ್ತಿರ ಹೋಗಿ ‘ಈ ಹಾಸಿಗೆಯವರಿಗೆ ಬಾಯಿಂದ ಕೊಡಬಹುದೇ, ಏನು ಕೊಡಬಹುದು?’ ಎಂದು ಕೇಳಿ. ಕೇಳದೆ ಒಂದು ಗುಟುಕು ನೀರನ್ನೂ ಕೊಡಬೇಡಿ. ಆಪರೇಷನ್‌ಗೆಂದು ಖಾಲಿ ಹೊಟ್ಟೆಯಲ್ಲಿ ಇರಬೇಕಾದವರಿಗೆ ಕರುಣೆಯಿಂದ ಒಂದು ಇಡ್ಲಿ ಕೊಟ್ಟರೆ, ಅರಿವಳಿಕೆ ಕೊಟ್ಟಾಗ ಅದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಕಿಡ್ನಿ ಕೆಟ್ಟವರಿಗೆ ಎಳನೀರು, ಬಾಳೆಹಣ್ಣು ಕೊಡಬೇಡಿ. ಅವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು, ಕಿಡ್ನಿ ಅದನ್ನು ಹೊರಹಾಕದಿದ್ದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಆಸ್ಪತ್ರೆಗೆ ನೋಡಲು ಹೋಗುವಾಗ ನಮ್ಮವರು ಮೊದಲು ಕೊಳ್ಳುವುದೇ ಎಳನೀರು! ಕೀಮೋ ನಡೆಯುತ್ತಿರುವವರಿಗೆ ಹೊರಗೆ ಹೆಚ್ಚಿಟ್ಟ ಹಣ್ಣು ಬೇಡ.

ಕೊಡಬಹುದು ಅಂದ ಮೇಲೆ ಕೈ ತೊಳೆದು, ಮಂಚದ ತಲೆಯ ಭಾಗ ಎತ್ತಿಸಿ, ರೋಗಿಯನ್ನು ನೆಟ್ಟಗೆ ಕೂರಿಸಿ. ಹಲ್ಲಿನ ಸೆಟ್ ಎಲ್ಲಿದೆ ಎಂದು ವಿಚಾರಿಸಿ, ತೊಳೆದು ಹಾಕಿಸಿ. ನೀವು ನಿಂತಿರಬೇಡಿ, ಸ್ಟೂಲ್ ಎಳೆದುಕೊಂಡು ಅವರ ಕಣ್ಣಿನ ಮಟ್ಟಕ್ಕೆ ಕೂರಿ. ಅರ್ಧ ಚಮಚ ಕೊಟ್ಟು, ಗಂಟಲು ಮೇಲೆದ್ದು ಇಳಿಯುವುದನ್ನು ನೋಡಿಯೇ ಮುಂದಿನದು. ಲಕ್ವ ಹೊಡೆದವರಿಗೆ ಬಿದ್ದ ಕಡೆಯ ಕೆನ್ನೆಯಲ್ಲಿ ತುತ್ತು ಉಳಿದಿರುತ್ತದೆ, ಅವರಿಗೇ ಗೊತ್ತಾಗುವುದಿಲ್ಲ. ಬಾಯಿ ತೆರೆಸಿ ನೋಡಿ. ತೆಳ್ಳಗಿನ ನೀರು ಅವರಿಗೆ ಬೇಗ ನೆತ್ತಿಗೆ ಹತ್ತುತ್ತದೆ, ಮಂದವಾದ ಗಂಜಿ ಎಷ್ಟೋ ವಾಸಿ. ಮುದ್ದೆ ಹಲ್ಲಿಲ್ಲದವರಿಗೆ ಹಿತ, ಅಗಿಯದೆ ನುಂಗಬಹುದು. ಲಕ್ವದವರಿಗೆ ಮಾತ್ರ ಅದೇ ಗಂಟಲಲ್ಲಿ ಸಿಕ್ಕಿಕೊಂಡೀತು. ಕೆಮ್ಮು ಬಂದರೆ, ಧ್ವನಿ ಗೊರಗೊರ ಅಂದರೆ, ಅಲ್ಲಿಗೇ ನಿಲ್ಲಿಸಿ ಸಿಸ್ಟರನ್ನು ಕರೆಯಿರಿ. ಊಟವಾದ ಮೇಲೂ ಅರ್ಧ ಗಂಟೆ ಮಲಗಿಸಬೇಡಿ. ಆ ಅರ್ಧ ಗಂಟೆ ಮಾತಾಡಿಸಿ. ಊರು, ಹೊಲ, ಮೊಮ್ಮಕ್ಕಳು, ಏನಾದರೂ. ಅವರ ಕಾಯಿಲೆಯ ವಿಷಯ ಮಾತ್ರ ವಾರ್ಡಿನಿಂದ ಆಚೆ ತರಬೇಡಿ, ಫೋಟೊ ಖಂಡಿತ ಬೇಡ.

ಕೇರಳದಲ್ಲಿ ಊರ ಜನರೇ ಹಾಸಿಗೆ ಹಿಡಿದವರ ಮನೆಗೆ ಹೋಗಿ ನೋಡಿಕೊಳ್ಳುತ್ತಾರೆ. 1993ರಲ್ಲಿ ಕೋಝಿಕ್ಕೋಡ್‌ನಲ್ಲಿ ಶುರುವಾದ, ನೋವು ನರಳಾಟ ತಗ್ಗಿಸುವ ಉಪಶಾಮಕ ಆರೈಕೆಯ ಕೆಲಸ ಹಾಗೆ ಬೆಳೆದು, 2008ರಲ್ಲಿ ರಾಜ್ಯದ ನೀತಿಯೇ ಆಯಿತು. ಆ ಸ್ವಯಂಸೇವಕರಿಗೂ ಮೊದಲು ತರಬೇತಿ, ಆಮೇಲೆ ಸೇವೆ.

ಊಟವನ್ನೇ ಸುಧಾರಿಸಬೇಕು ಎಂಬ ಆಸೆ ನಿಮಗಿದೆ, ನನಗೂ ಇದೆ. ಅದಕ್ಕೆ ಒಂದು ನೋಟ್‌ಬುಕ್ ಇಡಿ. ಹಾಸಿಗೆ ನಂಬರು, ಎಷ್ಟು ಉಂಡರು, ಏನು ಬಿಟ್ಟರು, ಯಾಕೆ ಬಿಟ್ಟರು. ಖಾರ ಹೆಚ್ಚಾಯಿತೇ, ಅನ್ನ ಬಿರುಸೇ, ಆರಿಹೋಗಿತ್ತೇ? ಕರಾವಳಿಯ ಅಮ್ಮನಿಗೆ ಕುಚಲಕ್ಕಿ ಗಂಜಿ ಬೇಕು, ಕಲಬುರಗಿ ಕಡೆಯವರಿಗೆ ರೊಟ್ಟಿ ಬೇಕು. ದಿನಾ ಒಂದೇ ಬೆಳ್ಳನೆ ಅನ್ನ ಎಂದರೆ ಕೈ ಹೋಗುವುದಿಲ್ಲ. ಎಷ್ಟೋ ಕಡೆ ರಾತ್ರಿಯೂಟ ಸಂಜೆ ಆರೂವರೆಗೇ ಬಂದುಬಿಡುತ್ತದೆ, ಮರುದಿನದ ತಿಂಡಿ ಎಂಟಕ್ಕೆ. ನಡುವೆ ಹದಿಮೂರು ಗಂಟೆಗೂ ಹೆಚ್ಚು ಹೊಟ್ಟೆ ಖಾಲಿ. ಒಂಬತ್ತಕ್ಕೆ ಒಂದು ಲೋಟ ಹಾಲೋ ರಾಗಿ ಗಂಜಿಯೋ ಕೊಡಿಸಲು ಸಾಧ್ಯವಾದರೆ ಅದು ದೊಡ್ಡ ಸುಧಾರಣೆ. ಒಂದು ತಿಂಗಳ ನೋಟ್‌ಬುಕ್ ಹಿಡಿದು ಮೊದಲು ಅಡುಗೆಯವರ ಹತ್ತಿರ, ಆಮೇಲೆ ಡಯಟಿಷಿಯನ್ ಹತ್ತಿರ, ಕೊನೆಗೆ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಮುಂದೆ ಹೋಗಿ. ಅಡುಗೆಯವರನ್ನು ಬಿಟ್ಟು ನೇರ ಮೇಲಕ್ಕೆ ದೂರು ಒಯ್ದರೆ ಕೆಲಸ ಕೆಡುತ್ತದೆ. ಅವರ ಸಾರು ಚೆನ್ನಾಗಿದ್ದ ದಿನ ಹೋಗಿ ಹೇಳಿ, ಅದೂ ಅವರಿಗೆ ತಲುಪಬೇಕಾದ ಸುದ್ದಿ.

ನಿಮ್ಮ ಪಲಾವಿಗೆ ಹಸಿದವರು ಬೇರೆ ಇದ್ದಾರೆ. ಕಾರಿಡಾರಿನಲ್ಲಿ ಚಾಪೆ ಹಾಸಿಕೊಂಡವರು, ಮರದ ಕೆಳಗೆ ಗಂಟು ಇಟ್ಟುಕೊಂಡು ಕೂತವರು. ಕೂಲಿ ಬಿಟ್ಟು ಬಂದಿರುತ್ತಾರೆ. ಬಸ್ಸಿಗೆ ಬೇಕೆಂದು ದುಡ್ಡು ಉಳಿಸಿ, ರೋಗಿ ಬಿಟ್ಟಿದ್ದನ್ನು ತಿಂದು ದಿನ ದೂಡುತ್ತಾರೆ. ಅವರಿಗೆ ಬಿಸಿಯಾಗಿ ಬಡಿಸಿ, ಮಾಡಿದ ಅಡುಗೆ ಎರಡು ಗಂಟೆಯೊಳಗೆ ಖರ್ಚಾಗಲಿ. ಆಹಾರ ಸುರಕ್ಷತಾ ಇಲಾಖೆಯ ನೋಂದಣಿಯನ್ನು ಮೊದಲೇ ವಿಚಾರಿಸಿಕೊಳ್ಳಿ.

ಭಾನುವಾರವಷ್ಟೇ ಹೋದರೆ ಸಾಲದು. ಅವತ್ತು ಬಂಧುಗಳು ಬರುತ್ತಾರೆ, ಮಂಗಳವಾರ ಬುಧವಾರ ಯಾರೂ ಇರುವುದಿಲ್ಲ. ಒಂದೇ ವಾರ್ಡು, ದಿನಕ್ಕೆ ಇಬ್ಬರು, ಮಧ್ಯಾಹ್ನ ಊಟದ ಹೊತ್ತಿಗೆ ಒಂದೂವರೆ ತಾಸು, ಅಷ್ಟರಿಂದ ಶುರುಮಾಡಿ. ಬರುವ ಶನಿವಾರ ಸಂಜೆ ನಮ್ಮ ಮನೆಗೆ ಬನ್ನಿ. ರವೆ ಗಂಜಿ ಮಾಡಿರುತ್ತೇನೆ, ಚಮಚ ನೀವು ತನ್ನಿ. ಒಬ್ಬರು ದಿಂಬಿಗೊರಗಿ ಕೈ ಆಡಿಸದೆ ಕೂರಬೇಕು, ಇನ್ನೊಬ್ಬರು ಉಣ್ಣಿಸಬೇಕು, ಆಮೇಲೆ ಅದಲು ಬದಲು. ಸೋಮವಾರ ಜಿಲ್ಲಾ ಶಸ್ತ್ರಚಿಕಿತ್ಸಕರ ಕಚೇರಿಗೆ ಹೋಗಿ ಅನುಮತಿ ಕೇಳೋಣ. ಅರ್ಜಿ ಬರೆದಿಟ್ಟಿದ್ದೇನೆ, ನಿಮ್ಮ ಹೆಸರು ಸೇರಿಸುವುದಷ್ಟೇ ಬಾಕಿ.