ಸಂಘವನ್ನು ತಿದ್ದುವ ಬಗೆ

ದೋಷವು ಕರೆಯದೆಯೇ ಕಣ್ಣಿಗೆ ಬೀಳುತ್ತದೆ; ಗುಣವನ್ನಾದರೋ ಹುಡುಕಿ ಕಾಣಬೇಕಾಗುತ್ತದೆ. ವಿದ್ಯಾರ್ಥಿಯ ಪ್ರಬಂಧವನ್ನು ತಿದ್ದುವ ಉಪಾಧ್ಯಾಯನಿಗೆ ಇದು ಅನುಭವಸಿದ್ಧವಾದ ವಿಷಯ. ಹತ್ತು ತಪ್ಪುಗಳ ಕೆಳಗೆ ಕೆಂಪು ಗೆರೆಯೆಳೆದು, ಇದ್ದ ಒಂದು ಒಳ್ಳೆಯ ವಾಕ್ಯವನ್ನು ಗಮನಿಸದೆ ಪುಸ್ತಕವನ್ನು ಹಿಂದಿರುಗಿಸಿದ ದಿನಗಳು ಈ ಲೇಖಕನ ಬಾಳಿನಲ್ಲಿಯೂ ಉಂಟು. ಅದರಿಂದ ಹುಡುಗನ ತಪ್ಪು ಕಡಿಮೆಯಾಗಲಿಲ್ಲ. ಬರೆಯುವ ಉತ್ಸಾಹವೇ ಕಡಿಮೆಯಾಯಿತು. ವ್ಯಕ್ತಿಗೆ ಸಲ್ಲುವ ಈ ಮಾತು ಸಂಘಸಂಸ್ಥೆಗಳಿಗೂ ಸಲ್ಲುವುದೇ ಎಂಬುದನ್ನು ಇಲ್ಲಿ ವಿಚಾರಿಸೋಣ.

ಸಂಸ್ಥೆಯೊಂದು ಕುಂದಿದಾಗ ನಾವು ಮೊದಲು ಕೇಳುವುದು, ಎಲ್ಲಿ ಕೆಟ್ಟಿತು, ಯಾರು ಕೆಡಿಸಿದರು ಎಂದು. ಅಮೆರಿಕೆಯ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾನಿಲಯದ ಡೇವಿಡ್ ಕೂಪರೈಡರ್ ಮತ್ತು ಸುರೇಶ್ ಶ್ರೀವಾಸ್ತವ ಎಂಬ ವಿದ್ವಾಂಸರು ೧೯೮೭ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಪ್ರಶ್ನೆಯ ದಿಕ್ಕನ್ನೇ ಬದಲಿಸಿದರು. ಸಂಸ್ಥೆಗೆ ಪ್ರಾಣವಾಗಿರುವುದು ಯಾವುದೆಂಬುದನ್ನು ಅರಸಬೇಕೆಂಬುದು ಅವರ ಅಭಿಪ್ರಾಯ. ಇದನ್ನು ನಾವು ಗುಣಶೋಧನೆ ಎನ್ನಬಹುದು. ಈ ಮಾರ್ಗಕ್ಕೆ ನಾಲ್ಕು ಮೆಟ್ಟಿಲುಗಳನ್ನು ಹೇಳುವುದುಂಟು: ಈಗಾಗಲೇ ಚೆನ್ನಾಗಿ ನಡೆದುದನ್ನು ಕಂಡುಕೊಳ್ಳುವುದು, ಅದು ಬೆಳೆದರೆ ಏನಾದೀತೆಂದು ಭಾವಿಸುವುದು, ಅದಕ್ಕೆ ತಕ್ಕ ಏರ್ಪಾಡನ್ನು ರೂಪಿಸುವುದು, ಕಾರ್ಯದಲ್ಲಿ ತೊಡಗುವುದು.

ಇದಕ್ಕೆ ನಿದರ್ಶನವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಮೈಸೂರಿನ ಹೆಸರನ್ನೇ ಹೊತ್ತ ‘ಮೈರಾಡ’ ಸಂಸ್ಥೆಯು ೧೯೬೮ರಲ್ಲಿ ಟಿಬೆಟಿನ ನಿರಾಶ್ರಿತರಿಗೆ ನೆಲೆ ಕಲ್ಪಿಸುವುದಕ್ಕಾಗಿ ಹುಟ್ಟಿ, ಮುಂದೆ ಗ್ರಾಮಗಳ ಬಡವರ ಸೇವೆಗೆ ತಿರುಗಿತು. ಅದು ಹಳ್ಳಿಗಳಲ್ಲಿ ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು ೧೯೮೪-೮೫ರ ವೇಳೆಗೆ ಒಡೆಯತೊಡಗಿದವು. ಸದಸ್ಯರಿಗೆ ತಮ್ಮ ಮುಂದಾಳುಗಳಲ್ಲಿ ನಂಬಿಕೆಯಿರಲಿಲ್ಲ. ಅವರು ಚಿಕ್ಕ ಚಿಕ್ಕ ಗುಂಪುಗಳಾಗಿ ಕಾರ್ಯಕರ್ತರ ಬಳಿಗೆ ಬಂದು, ಸಾಲವನ್ನು ಮೈರಾಡಕ್ಕೆ ತೀರಿಸುವೆವು, ಆ ಸಂಘಕ್ಕೆ ಮಾತ್ರ ತೀರಿಸಲಾರೆವು ಎಂದರು.

ದೋಷವನ್ನೇ ನೋಡುವವನಿಗೆ ಇಲ್ಲಿ ಕಾಣುವುದು ಮುರಿದುಬಿದ್ದ ಸಂಘವೊಂದೇ. ಆದರೆ ಸಾಲವನ್ನು ಹಿಂದಿರುಗಿಸಬೇಕೆಂಬ ಪ್ರಾಮಾಣಿಕತೆಯೂ, ಒಟ್ಟಾಗಿ ಬಂದವರ ನಡುವಣ ಪರಸ್ಪರ ವಿಶ್ವಾಸವೂ ಅಲ್ಲಿ ಮುರಿದಿರಲಿಲ್ಲ. ಹಣವನ್ನು ತಮ್ಮ ತಮ್ಮ ಗುಂಪಿಗೇ ಕಟ್ಟುವಂತೆ ಕಾರ್ಯಕರ್ತರು ಅವರನ್ನು ಪ್ರೋತ್ಸಾಹಿಸಿದರು. ಹೀಗೆ ಹುಟ್ಟಿದವು ಸ್ವಸಹಾಯ ಗುಂಪುಗಳು. ಸದಸ್ಯರು ಸಾಮಾನ್ಯವಾಗಿ ೧೦ರಿಂದ ೨೦. ೧೯೮೭ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ ೧೦ ಲಕ್ಷ ರೂಪಾಯಿಗಳ ಅನುದಾನವನ್ನಿತ್ತಿತು. ೧೯೯೨ರಲ್ಲಿ ದೇಶದ ೫೦೦ ಗುಂಪುಗಳಿಗೆ ಬ್ಯಾಂಕುಗಳ ಸಂಬಂಧ ಕಲ್ಪಿಸುವ ಪ್ರಯೋಗವನ್ನು ಅದೇ ನಬಾರ್ಡ್ ಕೈಗೊಂಡಿತು. ಅಳಿದುಳಿದ ವಿಶ್ವಾಸವೇ ಬೀಜವಾಯಿತು.

ಈ ಗುಂಪುಗಳು ಹುಟ್ಟಿದಾಗ ಕಾರ್ಯಕರ್ತರು ಗುಣಶೋಧನೆಯೆಂಬ ಹೆಸರಿಟ್ಟುಕೊಂಡು ಹೊರಟವರಲ್ಲ. ಆ ಮಾರ್ಗವನ್ನು ಹೆಸರಿಟ್ಟೇ ಹಳ್ಳಿಗಳಲ್ಲಿ ಪ್ರಯೋಗಿಸಿದ್ದು ಅನಂತರದ ಮಾತು. ಕೆನಡಾದ ಅಂತರರಾಷ್ಟ್ರೀಯ ಸುಸ್ಥಿರ ಅಭಿವೃದ್ಧಿ ಸಂಸ್ಥೆಯೊಡನೆ ಮೈರಾಡವು ನಡೆಸಿದ ಆ ಪ್ರಯೋಗದ ವರದಿ ೨೦೦೧ರಲ್ಲಿ ಹೊರಬಂದಿತು.

ಇದು ಮುಖಸ್ತುತಿಯಲ್ಲವೇ, ತಪ್ಪನ್ನು ಮುಚ್ಚಿಡುವ ಉಪಾಯವಲ್ಲವೇ ಎಂದು ಕೇಳುವವರುಂಟು. ಶಂಕೆಯು ನ್ಯಾಯವಾದುದೇ. ಹಣ ಕಾಣೆಯಾದ ಸಂಸ್ಥೆಯಲ್ಲಿ ಕುಳಿತು ಹಿಂದಿನ ಸಾಧನೆಗಳನ್ನು ಹೊಗಳುವುದು ಗುಣಶೋಧನೆಯಲ್ಲ, ಆತ್ಮವಂಚನೆ. ಆ ಗುಂಪುಗಳಲ್ಲಿ ಲೆಕ್ಕದ ಪುಸ್ತಕವಿತ್ತು, ನಡವಳಿಯ ಪುಸ್ತಕವಿತ್ತು. ನಿಯಮ ಮೀರಿದವರಿಗೆ ದಂಡವೂ ಇತ್ತು. ಆದರೆ ಅಲ್ಲಿ ನಿಯಮವು ಅಪನಂಬಿಕೆಯಿಂದ ಬಂದುದಲ್ಲ; ಇದ್ದ ನಂಬಿಕೆಯನ್ನು ಕಾಪಾಡಿಕೊಳ್ಳುವುದಕ್ಕಾಗಿ ಸದಸ್ಯರು ತಾವೇ ಮಾಡಿಕೊಂಡುದು. ಗುಣವು ಬೆಳೆಯಾದರೆ ನಿಯಮವು ಬೇಲಿ. ಬೇಲಿಯಿಲ್ಲದ ಬೆಳೆ ದನದ ಪಾಲು. ಬೆಳೆಯಿಲ್ಲದ ಹೊಲಕ್ಕೆ ಬೇಲಿ ವ್ಯರ್ಥ.

ವಚನಗಳನ್ನು ಓದುವವರಿಗೆ ಈ ತತ್ತ್ವವು ಅಪರಿಚಿತವಲ್ಲ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ ಮೊದಲಾದವರ ಹೆಸರಿನಲ್ಲಿಯೇ ಅವರವರ ಕಾಯಕವು ಸೇರಿಕೊಂಡಿದೆ. ತಾನು ಬಲ್ಲ ಕೆಲಸವೇ ಅಲ್ಲಿ ಒಬ್ಬೊಬ್ಬನ ಗೌರವದ ನೆಲೆ.

ಆದುದರಿಂದ ವಾಚಕರು ತಮ್ಮ ಊರಿನ ಸಂಘದ, ಶಾಲೆಯ ಅಥವಾ ವಿದ್ಯಾರ್ಥಿನಿಲಯದ ಮುಂದಿನ ಸಭೆಯಲ್ಲಿ ಒಂದು ಕ್ರಮವನ್ನು ಅನುಸರಿಸಿ ನೋಡಬಹುದು. ದೂರುಗಳನ್ನು ಓದುವುದಕ್ಕೆ ಮುಂಚೆ ಪ್ರತಿಯೊಬ್ಬನೂ, ಈ ವರ್ಷ ಇಲ್ಲಿ ಚೆನ್ನಾಗಿ ನಡೆದ ಒಂದು ಕೆಲಸವನ್ನೂ ಅದನ್ನು ಮಾಡಿದವರನ್ನೂ ಹೆಸರಿಸಲಿ. ಆಮೇಲೆ ಲೆಕ್ಕವನ್ನು ತೆರೆಯಲಿ. ಏನನ್ನು ಉಳಿಸಬೇಕೆಂಬುದನ್ನು ಅರಿತವನಿಗೆ ಮಾತ್ರ ಏನನ್ನು ತಿದ್ದಬೇಕೆಂಬುದು ಸರಿಯಾಗಿ ತಿಳಿಯುತ್ತದೆ.